ಹೂ ನೆಟ್ಟರೂ ಹುಳು ಹೋಗಲಿಲ್ಲವೇ? ಹಿತ್ತಲ ತರಕಾರಿಯಲ್ಲಿ ದೋಷ ಹುಡುಕುವ ಕೈಪಿಡಿ

ಹಾಸನ, ಚಿಕ್ಕಮಗಳೂರು ಕಡೆ ಹಿತ್ತಲಲ್ಲಿ ತರಕಾರಿ ಬೆಳೆಯುವ ಬಹಳ ಮಂದಿ ಈಗ ಮಡಿಯ ಅಂಚಿಗೆ ನಾಲ್ಕು ಚೆಂಡು ಹೂವಿನ ಗಿಡ ನೆಡುತ್ತಾರೆ. ಅದಿದ್ದರೆ ಹುಳು ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಹೇಳಿರುತ್ತಾರೆ. ಎರಡು ತಿಂಗಳಾದ ಮೇಲೆ ನೋಡಿದರೆ ಹೂವೂ ಅರಳಿದೆ, ಟೊಮೆಟೊ ಕಾಯಿಯಲ್ಲಿ ತೂತೂ ಇದೆ. ಬೇಸರವಾಗಿ ಔಷಧಿ ಅಂಗಡಿಗೆ ಹೊರಡುತ್ತಾರೆ. ಹಾಗೆ ಹೊರಡುವ ಮುಂಚೆ ನೋಡಬೇಕಾದುದನ್ನು ಇಲ್ಲಿ ಬರೆದಿದ್ದೇನೆ.

ಹೂವು ಔಷಧಿಯಲ್ಲ. ಅದಕ್ಕೆ ಬರುವುದು ಮೂರು ಕೆಲಸ. ಒಂದು, ಹುಳುವನ್ನು ತರಕಾರಿಯಿಂದ ತನ್ನ ಕಡೆಗೆ ಎಳೆದುಕೊಳ್ಳುವುದು. ಇದನ್ನು ಬಲೆ ಬೆಳೆ ಎನ್ನುತ್ತೇವೆ. ಎರಡು, ಹುಳು ತಿನ್ನುವ ಕೀಟಗಳಿಗೆ ಮಕರಂದ, ಪರಾಗ ಕೊಟ್ಟು ಸಾಕುವುದು. ಮೂರು, ಬೇರಿನ ಮೂಲಕ ಮಣ್ಣಿನ ಜಂತುಹುಳುಗಳನ್ನು, ಅಂದರೆ ಗಿಡದ ಬೇರಿಗೆ ನುಗ್ಗುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು (ನೆಮಟೋಡ್) ತಗ್ಗಿಸುವುದು. ಒಂದೇ ಹೂವು ಮೂರನ್ನೂ ಮಾಡಲಿ ಎಂದು ನೆಟ್ಟಾಗಲೇ ತೊಂದರೆ ಶುರುವಾಗುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲನ್ನು, ಅಂದರೆ ರಾಗಿಯ ನಡುವೆ ಬಿತ್ತುವ ಬೇರೆ ಬೆಳೆಗಳ ಸಾಲನ್ನು ನೆನೆಯಿರಿ. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಜೋಳ, ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಹೊತ್ತು ಇತ್ತು. ಹಿತ್ತಲಿಗೂ ಆ ಲೆಕ್ಕವೇ ಬೇಕು.

ಮೊದಲು ಖರ್ಚಿಲ್ಲದ ತಪಾಸಣೆ

ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ. ಎಲೆಯ ಮೇಲ್ಭಾಗ ನೋಡಿ ಸುಮ್ಮನಾಗಬೇಡಿ, ತಿರುವಿ ನೋಡಿ. ಹೇನು (ಗಿಡದ ರಸ ಹೀರುವ ಸಸ್ಯಹೇನು), ಬಿಳಿನೊಣ, ನುಸಿ, ಮೊಟ್ಟೆ ಎಲ್ಲವೂ ಹೆಚ್ಚಾಗಿ ಅಡಿಯಲ್ಲೇ ಇರುತ್ತವೆ. ಒಂದು ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ಕುಡಿಯನ್ನು ಎರಡು ಸಲ ತಟ್ಟಿ. ಹಾಳೆಯ ಮೇಲೆ ಉದ್ದನೆಯ ಸಣ್ಣ ಕಡ್ಡಿಯಂಥವು ಚುರುಕಾಗಿ ಓಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಕೀಟ. ಚುಕ್ಕೆಯಂಥವು ನಿಧಾನ ಹರಿದು, ಬೆರಳಲ್ಲಿ ಒರೆಸಿದಾಗ ಕೆಂಪು ಗೆರೆ ಬಿಟ್ಟರೆ ಕೆಂಪು ಜೇಡನುಸಿ. ಕಣ್ಣಿಗೆ ಸಾಲದಿದ್ದರೆ ಮೊಬೈಲಿನ ಕ್ಯಾಮರಾ ಹಿಗ್ಗಿಸಿ ನೋಡಿ.

ಹತ್ತು ಗಂಟೆಯ ಬಿಸಿಲಿಗೆ ಇನ್ನೊಮ್ಮೆ ಹೋಗಿ ಹೂವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದರ ಮೇಲೆ ಯಾರು ಬಂದು ಕೂರುತ್ತಾರೆ? ಜೇನು ಮಾತ್ರವೋ, ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಹಳದಿ ಪಟ್ಟೆಯ ನೊಣವೋ, ಸಣ್ಣ ಕಣಜವೋ? ಯಾರೂ ಬರದಿದ್ದರೆ ತೊಂದರೆ ಹೂವಿನದು, ತರಕಾರಿಯದಲ್ಲ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಮೂರನೇ ಸಲ ನೋಡಿದರೆ ಇನ್ನೂ ಒಳ್ಳೆಯದು. ಹೂವಿನ ಪೊದೆ ದಟ್ಟವಾಗಿದ್ದರೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬರಿಗಾಲಲ್ಲಿ ಹೋಗಬೇಡಿ, ಕಾಣದ ಕಡೆ ಕೈ ಹಾಕಬೇಡಿ.

ಲಕ್ಷಣ: ಚೆಂಡು ಹೂವಿಗೇ ಹುಳು ಹತ್ತಿದೆ

ಇದನ್ನು ಕಂಡು ಗಿಡ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಕೀಳಬೇಡಿ. ಟೊಮೆಟೊ ಕಾಯಿಕೊರಕದ ಪತಂಗಕ್ಕೆ ಟೊಮೆಟೊಗಿಂತ ಚೆಂಡು ಹೂವಿನ ಮೊಗ್ಗಿನ ಮೇಲೆ ಹೆಚ್ಚು ಆಸೆ. ಅಲ್ಲಿ ಮೊಟ್ಟೆ ಇಟ್ಟಿದೆ ಎಂದರೆ ಬಲೆ ಬಿದ್ದಿದೆ ಎಂದೇ ಅರ್ಥ. ಆದರೆ ಬಲೆಗೆ ಬಿದ್ದುದನ್ನು ನೀವು ತೆಗೆಯಬೇಕು. ತೆಗೆಯದೆ ಬಿಟ್ಟರೆ ಅದೇ ಹೂವಿನಲ್ಲಿ ಹುಳು ಬಲಿತು, ಮಣ್ಣಿಗಿಳಿದು ಕೋಶವಾಗಿ, ಮುಂದಿನ ಪೀಳಿಗೆಯ ಪತಂಗವಾಗಿ ನಿಮ್ಮ ಟೊಮೆಟೊಕ್ಕೇ ಬರುತ್ತದೆ. ಆಗ ಚೆಂಡು ಹೂವಿನ ಸಾಲು ಹುಳುವಿನ ತೊಟ್ಟಿಲಾಗುತ್ತದೆ.

ವಾರಕ್ಕೆ ಎರಡು ಸಲ ಹೂವುಗಳನ್ನು ಬಿಡಿಸಿ ನೋಡಿ. ದಳಗಳ ನಡುವೆ ಕಪ್ಪು ಹಿಕ್ಕೆ ಕಂಡರೆ ಒಳಗೆ ಹುಳು ಇದೆ. ಹೂವನ್ನು ಕಿತ್ತು ಸೋಪು ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಕೋಳಿಗೆ ಹಾಕಿ. ಗೊಬ್ಬರದ ಗುಂಡಿಗೆ ಎಸೆಯಬೇಡಿ.

ಹೂವಿನ ಬದಲು ಎಲೆಗಳು ಮಂಕಾಗಿ, ಸಣ್ಣ ಬಿಳಿ ಚುಕ್ಕೆ ಬಿದ್ದು, ಅಡಿಯಲ್ಲಿ ಜೇಡರ ಬಲೆಯಂತೆ ಎಳೆ ಕಂಡರೆ ಅದು ಬೇರೆ ಮಾತು. ಜೇಡನುಸಿಗೆ ಚೆಂಡು ಹೂ ಬಹಳ ಇಷ್ಟ. ಅರಸೀಕೆರೆ, ಕಡೂರು, ತರೀಕೆರೆ ಕಡೆ ಫೆಬ್ರವರಿಯಿಂದ ಮೇವರೆಗಿನ ಒಣ ಬಿಸಿಲಿಗೆ ಇದು ಏರುತ್ತದೆ, ಹತ್ತಿರದ ಬೀನ್ಸ್, ಬದನೆಗೂ ದಾಟುತ್ತದೆ. ಎಲೆಯಡಿಗೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ, ದಿನ ಬಿಟ್ಟು ದಿನ, ವಾರ ಕಾಲ. ತಗ್ಗದಿದ್ದರೆ ಆ ಗಿಡವನ್ನು ಚೀಲದೊಳಗೆ ಮುಚ್ಚಿಕೊಂಡು ಕಿತ್ತು ಸುಡಿ.

ಲಕ್ಷಣ: ಚೆಂಡು ಹೂ ಚೆನ್ನಾಗಿದೆ, ಟೊಮೆಟೊ ಕಾಯಿ ಮಾತ್ರ ತೂತು

ಮೊದಲು ತೂತು ನೋಡಿ. ದುಂಡಗೆ, ಕಡ್ಡಿ ತೂರುವಷ್ಟು ದೊಡ್ಡದಿದ್ದು, ಹುಳು ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಕಾಯಿಕೊರಕ. ಚೆಂಡು ಹೂ ಕೆಲಸ ಮಾಡಬೇಕಾದುದು ಇದರ ಮೇಲೆಯೇ. ಸೂಜಿಮೊನೆಯಷ್ಟು ತೂತು, ಅದೂ ತೊಟ್ಟಿನ ಬಳಿ, ಜೊತೆಗೆ ಎಲೆಯ ಮೇಲೆ ಕಾಗದದಂತೆ ಒಣಗಿದ ಅಗಲ ಮಚ್ಚೆ, ಅದರೊಳಗೆ ಕಪ್ಪು ಹಿಕ್ಕೆ ಕಂಡರೆ ಅದು ಟೂಟಾ. 2014ರ ಸುಮಾರಿಗೆ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಹುಳು ಇದು. ಚೆಂಡು ಹೂವಿನಿಂದ ಇದನ್ನು ಹಿಡಿಯಲಾಗದು. ಮಚ್ಚೆ ಬಿದ್ದ ಎಲೆ ಕಿತ್ತು ಸುಡುವುದು, ಇದಕ್ಕೆಂದೇ ಸಿಗುವ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟುವುದು ದಾರಿ. ಎಲೆಯ ಮೇಲೆ ಬಿಳಿ ಗೆರೆ ಸುತ್ತಿ ಸುತ್ತಿ ಹೋಗಿದ್ದರೆ ರಂಗೋಲಿ ಹುಳು. ಹಿತ್ತಲ ಮಟ್ಟಿಗೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಗೆರೆ ಬಿದ್ದ ಎಲೆ ಚಿವುಟಿದರೆ ಸಾಕು.

ಕಾಯಿಕೊರಕವೇ ಎಂದು ಖಾತ್ರಿಯಾದರೆ ಲೆಕ್ಕ ತಪ್ಪಿರುವುದು ಹೆಚ್ಚಾಗಿ ಹೊತ್ತಿನಲ್ಲಿ. ಟೊಮೆಟೊ ಹೂ ಬಿಡುವಾಗ ಚೆಂಡು ಹೂವಿನ ಗಿಡದಲ್ಲಿ ಮೊಗ್ಗು ಇರಲೇಬೇಕು. ಎರಡನ್ನೂ ಒಂದೇ ದಿನ ಬಿತ್ತಿದರೆ ಇದು ಕೂಡಿ ಬರುವುದಿಲ್ಲ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊಲಕ್ಕೆ ಹೇಳಿಕೊಟ್ಟ ಕ್ರಮ ಹೀಗಿದೆ: 45 ದಿನದ ಚೆಂಡು ಹೂವಿನ ಸಸಿ, 25 ದಿನದ ಟೊಮೆಟೊ ಸಸಿ, ಎರಡನ್ನೂ ಒಂದೇ ದಿನ ನಾಟಿ ಮಾಡುವುದು, ಟೊಮೆಟೊ 16 ಸಾಲಿಗೆ ಚೆಂಡು ಹೂ ಒಂದು ಸಾಲು. ಅಂದರೆ ಚೆಂಡು ಹೂವಿನ ಬೀಜ ಟೊಮೆಟೊಗಿಂತ 20 ದಿನ ಮುಂಚೆ ಮಡಿಗೆ ಬೀಳಬೇಕು. ತಳಿಯೂ ಮುಖ್ಯ: ಎತ್ತರ ಬೆಳೆಯುವ, ದೊಡ್ಡ ಹಳದಿ ಅಥವಾ ಕಿತ್ತಳೆ ಹೂವಿನ ಗಿಡವೇ ಬೇಕು. ಕುಂಡದಲ್ಲಿ ಚಂದ ಕಾಣುವ ಗೇಣುದ್ದದ ಗಿಡ ಈ ಕೆಲಸಕ್ಕೆ ಒದಗುವುದಿಲ್ಲ.

ಹಿತ್ತಲಲ್ಲಿ 16 ಸಾಲು ಎಲ್ಲಿಂದ ಬರಬೇಕು? ಇಪ್ಪತ್ತು ಮೂವತ್ತು ಟೊಮೆಟೊ ಗಿಡವಿದ್ದವರು ಮಡಿಯ ಎರಡು ತುದಿಗೂ ಎರಡೆರಡು ಚೆಂಡು ಹೂ ಇಟ್ಟುಕೊಂಡರೆ ನೋಡಿಕೊಳ್ಳಲು ಸುಲಭ ಎಂದು ನನ್ನ ಅನಿಸಿಕೆ. ಸಾಲಿನ ನಡುವೆ ತುರುಕಿದರೆ ನೆರಳಾಗುತ್ತದೆ, ಗಾಳಿಯಾಡುವುದಿಲ್ಲ. ಗಣಪತಿ ಹಬ್ಬಕ್ಕೋ ಆಯುಧಪೂಜೆಗೋ ಹೂವನ್ನೆಲ್ಲ ಒಂದೇ ದಿನ ಕೊಯ್ದುಬಿಟ್ಟರೂ ಬಲೆ ಖಾಲಿಯಾಗುತ್ತದೆ. ಕೊಯ್ಯಿರಿ, ಮೊಗ್ಗು ಬಿಟ್ಟು ಕೊಯ್ಯಿರಿ.

ಲಕ್ಷಣ: ಹೂವಿದೆ, ಜೇನೂ ಬರುತ್ತದೆ, ಆದರೂ ಹೇನು ಕುಡಿ ತುಂಬಾ

ನನ್ನ ಬಳಿ ಜನ ಹೆಚ್ಚು ಕೇಳುವುದು ಇದನ್ನೇ, ಅದರಲ್ಲೂ ನವೆಂಬರ್, ಡಿಸೆಂಬರಿನಲ್ಲಿ ಅವರೆ ಗಿಡಕ್ಕೆ ಕಪ್ಪು ಹೇನು ಮುತ್ತಿದಾಗ. ಇಲ್ಲಿ ಕಾರಣ ಒಂದಲ್ಲ. ಒಂದೊಂದಾಗಿ ನೋಡುತ್ತ ಹೋಗಿ.

ಮೊದಲು ಇರುವೆ. ಹೇನು ಸಿಹಿ ಅಂಟು ಸುರಿಸುತ್ತದೆ, ಇರುವೆ ಅದನ್ನು ಕುಡಿಯುತ್ತದೆ, ಅದಕ್ಕೆ ಪ್ರತಿಯಾಗಿ ಹೇನನ್ನು ತಿನ್ನಲು ಬಂದವರನ್ನೆಲ್ಲ ಓಡಿಸುತ್ತದೆ. ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ನೀವು ಎಷ್ಟು ಹೂ ನೆಟ್ಟರೂ ಪ್ರಯೋಜನ ಕಡಿಮೆ. ಗಿಡಕ್ಕೆ ತಾಗುವ ಹುಲ್ಲು, ಕಡ್ಡಿ ತೆಗೆಯಿರಿ. ಚಪ್ಪರದ ಗೂಟಕ್ಕೆ ಬಟ್ಟೆಪಟ್ಟಿ ಸುತ್ತಿ ಅದಕ್ಕೆ ಹರಳೆಣ್ಣೆ ಬಳಿಯಿರಿ. ಎಳೆ ಕಾಂಡಕ್ಕೆ ನೇರವಾಗಿ ಎಣ್ಣೆ ಬೇಡ. ಮಲೆನಾಡಿನ ಚಗಳಿ ಇರುವೆಯ ವಿಚಾರ ಸ್ವಲ್ಪ ಬೇರೆ. ಅದು ಎಷ್ಟೋ ಹುಳುಗಳನ್ನು ಬೇಟೆಯಾಡುತ್ತದೆ, ಆದರೆ ಹೇನಿಗೂ, ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟುತಿಗಣೆಗೂ ಕಾವಲು ಕಾಯುತ್ತದೆ. ಮರದ ಮೇಲಿನ ಗೂಡನ್ನು ಬಿಡಿ, ತರಕಾರಿ ಗಿಡಕ್ಕೆ ಇಳಿಯುವ ದಾರಿ ಮಾತ್ರ ಕಡಿಯಿರಿ.

ಆಮೇಲೆ ಗೊಬ್ಬರ. ಯೂರಿಯಾ ಅಥವಾ ಕೋಳಿಗೊಬ್ಬರ ಹೆಚ್ಚಾಗಿ ಗಿಡ ಕಡುಹಸಿರಾಗಿ, ಕುಡಿ ಮೆತ್ತಗೆ ಸೊಕ್ಕಿ ಬೆಳೆದಿದೆಯೇ? ಅಂಥ ಕುಡಿಯೇ ಹೇನಿಗೆ ಬೇಕಾದುದು. ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಮೂರನೆಯದು ಹೂವಿನ ಆಕಾರ. ಹೇನು ತಿನ್ನುವ ಮರಿಗಳ ತಾಯಿಯರಿಗೆ, ಅಂದರೆ ಆ ಪಟ್ಟೆ ನೊಣಕ್ಕೂ ಸಣ್ಣ ಕಣಜಗಳಿಗೂ, ಬಾಯಿ ಗಿಡ್ಡ. ದಳದ ಮೇಲೆ ದಳ ತುಂಬಿದ ಚೆಂಡು ಹೂವಿನಿಂದ ಅವಕ್ಕೆ ಮಕರಂದ ಸಿಗುವುದು ಕಷ್ಟ. ಅವಕ್ಕೆ ಬೇಕಾದುದು ತೆರೆದ, ಸಣ್ಣ, ಗೊಂಚಲು ಹೂ: ಕೊತ್ತಂಬರಿ, ಸಬ್ಬಸಿಗೆ, ಸೋಂಪು, ಸಾಸಿವೆ, ಕಾಮಕಸ್ತೂರಿ, ಹುಚ್ಚೆಳ್ಳು, ಒಂಟಿ ದಳದ ಕಾಸ್ಮಾಸ್. ಕೊತ್ತಂಬರಿ, ಸಬ್ಬಸಿಗೆಯನ್ನು ನಾವು ಸೊಪ್ಪಿಗೆಂದು ಹೂ ಬಿಡುವ ಮೊದಲೇ ಕಿತ್ತುಬಿಡುತ್ತೇವೆ. ಮಡಿಯ ಒಂದು ಮೂಲೆಯನ್ನು ಕೀಳದೆ ಹೂವಿಗೆ ಬಿಡಿ, ಮೂರು ವಾರಕ್ಕೊಮ್ಮೆ ಮತ್ತೊಂದು ಹಿಡಿ ಬಿತ್ತಿ. ಒಂದೇ ಸಲ ಅರಳಿ ಒಂದೇ ಸಲ ಮುಗಿಯುವ ಹೂವಿನಿಂದ ಇಡೀ ಬೆಳೆಗೆ ಕಾವಲಾಗುವುದಿಲ್ಲ. ಅಡುಗೆಮನೆಯ ಧನಿಯಾವನ್ನೇ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿದರೂ ಹುಟ್ಟುತ್ತದೆ. ಬಣ್ಣ ಹಚ್ಚಿದ, ಔಷಧಿ ಲೇಪಿಸಿದ ಬೀಜ ಬೇಕಾಗಿಲ್ಲ.

ನಾಲ್ಕನೆಯದು ವಿಷ, ಮತ್ತು ಅದು ನೀವು ಹೊಡೆದದ್ದೇ ಆಗಿರಬೇಕಿಲ್ಲ. ಪಕ್ಕದ ಆಲೂಗಡ್ಡೆ ಹೊಲಕ್ಕೋ ಕಾಫಿ ತೋಟಕ್ಕೋ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಬರುತ್ತದೆ. ಸೈಪರ್‌ಮೆಥ್ರಿನ್‌ನಂಥವು ಹೇನಿಗಿಂತ ಮುಂಚೆ ಹೇನು ತಿನ್ನುವವರನ್ನು ಮುಗಿಸುತ್ತವೆ. ಆಮೇಲೆ ಹೇನು, ನುಸಿ ಎರಡೂ ಮೊದಲಿಗಿಂತ ಜೋರಾಗುತ್ತವೆ. ಪಕ್ಕದವರಿಗೆ ಹೇಳಿ, ಗಾಳಿ ನಿಂತ ಸಂಜೆ ಹೊಡೆಯಲು ಕೇಳಿಕೊಳ್ಳಿ. ನರ್ಸರಿಯಿಂದ ಹೂವಿನ ಸಸಿ ತರುವಾಗ ಬೇರಿಗೆ ಕೀಟನಾಶಕ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಇಮಿಡಾಕ್ಲೊಪ್ರಿಡ್‌ನಂಥವು ಗಿಡದೊಳಗೆ ಹರಿದು ಮಕರಂದದವರೆಗೂ ಹೋಗುತ್ತವೆ.

ಇದೆಲ್ಲ ಸರಿಯಿದ್ದರೆ ಉಳಿಯುವುದು ತಾಳ್ಮೆ. ಹೇನು ಒಂದು ವಾರದಲ್ಲಿ ಮರಿ ಹಾಕುವಷ್ಟು ಬೆಳೆಯುತ್ತದೆ, ಅದನ್ನು ತಿನ್ನುವವರು ಬಂದು, ಮೊಟ್ಟೆಯಿಟ್ಟು, ಮರಿ ಬೆಳೆಯಲು ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ಬೆರಳಲ್ಲಿ ಹೊಸಕಿ, ನೀರು ಹಾಯಿಸಿ ತೊಳೆಯಿರಿ, ತೀರಾ ಮುತ್ತಿದ ಕುಡಿ ಚಿವುಟಿ. ಹೇನಿನ ಗುಂಪಿನಲ್ಲಿ ಊದಿಕೊಂಡ, ಕಂದುಬಣ್ಣದ, ಅಲುಗಾಡದ ಹೇನು ಕಂಡರೆ ಸಂತೋಷಪಡಿ. ಸಣ್ಣ ಕಣಜ ಅದರೊಳಗೆ ಮೊಟ್ಟೆಯಿಟ್ಟಿದೆ. ಆ ಎಲೆಯನ್ನು ಮುಟ್ಟಬೇಡಿ, ಏನನ್ನೂ ಸಿಂಪಡಿಸಬೇಡಿ.

ಇನ್ನೊಂದು ಮಾತು. ಟೊಮೆಟೊ, ಮೆಣಸಿನ ಮಡಿಯ ಬದುವಿಗೆ ನಾಲ್ಕು ಅಲಸಂದೆ ಹಾಕಿದರೆ ಅದರ ಹೇನಿಗೆ ಗುಲಗಂಜಿ ಹುಳುಗಳು (ಹೇನು ತಿನ್ನುವ ಚುಕ್ಕೆ ದುಂಬಿಗಳು) ಸೇರುತ್ತವೆ, ಅಲ್ಲಿಂದ ತರಕಾರಿಗೂ ಬರುತ್ತವೆ. ಅವರೆಯ ಪಕ್ಕ ಮಾತ್ರ ಇದನ್ನು ಮಾಡಬೇಡಿ. ಅಲಸಂದೆಯ ಹೇನೇ ಅವರೆಗೂ ಬರುವ ಹೇನು. ಬೆಂಡೆಯ ಪಕ್ಕ ದಾಸವಾಳವೂ ಹಾಗೆಯೇ. ಎರಡೂ ಒಂದೇ ಕುಟುಂಬದವು, ಹೇನು, ಜಿಗಿಹುಳು, ಹಿಟ್ಟುತಿಗಣೆ ಒಂದರಿಂದ ಒಂದಕ್ಕೆ ನಡೆದೇ ಹೋಗುತ್ತವೆ.

ಲಕ್ಷಣ: ಹಿಂದೆ ನೋಡಿರದ ಹುಳುಗಳು ಬಂದಿವೆ

ಕೊಲ್ಲುವ ಮುಂಚೆ ಗುರುತು ಹಿಡಿಯಿರಿ. ಹೂ ನೆಟ್ಟ ಹಿತ್ತಲಲ್ಲಿ ಹೊಸಬರು ಬರುವುದು ಸಹಜ, ಅವರಲ್ಲಿ ಹೆಚ್ಚಿನವರು ನಮ್ಮವರು.

ಕಪ್ಪು ಮೈಗೆ ಕಿತ್ತಳೆ ಚುಕ್ಕೆ, ಆರು ಕಾಲು, ಮೊಸಳೆಯಾಕಾರ, ಹೇನಿನ ನಡುವೆ ಓಡಾಟ: ಇದು ಗುಲಗಂಜಿ ಹುಳುವಿನ ಮರಿ. ದೊಡ್ಡ ಹುಳುವನ್ನು ಎಲ್ಲರೂ ಬಲ್ಲರು, ಮರಿಯನ್ನು ಹೊಸಕಿ ಹಾಕುತ್ತಾರೆ. ಕಾಲಿಲ್ಲದ, ತಿಳಿಹಸಿರು, ಒಂದು ತುದಿ ಚೂಪಾದ ಹುಳು ಹೇನಿನ ನಡುವೆ ತಲೆಯಾಡಿಸುತ್ತಿದ್ದರೆ ಪಟ್ಟೆ ನೊಣದ ಮರಿ. ಕೂದಲಿನಂಥ ಎಳೆಯ ತುದಿಗೆ ಬಿಳಿ ಮೊಟ್ಟೆ ನಿಂತಿದ್ದರೆ ಅದು ಬೂಷ್ಟಲ್ಲ, ಹಸಿರು ಜಾಲರೆಕ್ಕೆಯ ಕೀಟದ ಮೊಟ್ಟೆ. ಕಂಬಳಿಹುಳುವಿನ ಮೈಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿದ್ದರೆ ಆ ಹುಳು ಸಾಯುವುದು ಖಚಿತ. ಅದನ್ನು ಅಲ್ಲೇ ಬಿಟ್ಟರೆ ಗೂಡಿನಿಂದ ಹೊರಟ ಕಣಜಗಳು ಇನ್ನಷ್ಟು ಹುಳು ಹುಡುಕುತ್ತವೆ.

ಹೆಚ್ಚು ಜನ ಮೋಸ ಹೋಗುವುದು ಹಿಟ್ಟುತಿಗಣೆಯ ಹತ್ತಿರ. ಬಿಳಿ ಮೇಣದ ಎಳೆ ಹೊದ್ದು, ತಿಗಣೆಗಿಂತ ದೊಡ್ಡದಾಗಿ, ಬೇಗ ಬೇಗ ನಡೆದಾಡುತ್ತಿದ್ದರೆ ಅದು ತಿಗಣೆಯನ್ನೇ ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಜಾತಿಯ ಮರಿ. ಕಾಫಿ ಗಿಡಕ್ಕೆ ಅಂಟಿ ರಸ ಹೀರುವ ಹಸಿರು ಶಲ್ಕಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಕೀಟವಿದು. ಕಾಫಿ ನಾಡಿನವರು ಇದನ್ನು ಕೈಯಾರೆ ಕೊಲ್ಲಬಾರದು.

ಒಬ್ಬನೇ ವೈರಿ ನಮ್ಮವರ ವೇಷದಲ್ಲಿರುತ್ತಾನೆ. ಗುಲಗಂಜಿ ಹುಳುವಿನಂತೆಯೇ ಕಂಡರೂ ಹೊಳಪಿಲ್ಲದ, ಮೈತುಂಬ ಕಪ್ಪು ಚುಕ್ಕೆಯ ತಾಮ್ರದ ಬಣ್ಣದ ದುಂಬಿ ಬದನೆ, ಹಾಗಲದ ಎಲೆಯ ಹಸಿರನ್ನು ಕೆರೆದು ಜಾಲರಿ ಮಾಡುತ್ತದೆ. ಅದರ ಮರಿ ಹಳದಿ, ಮೈಮೇಲೆ ಮುಳ್ಳು. ಇವನ್ನು ಕೈಯಿಂದಲೇ ಆರಿಸಿ ಸೋಪು ನೀರಿಗೆ ಹಾಕಿ.

ಕಾಗದದಂಥ ಗೂಡು ಕಟ್ಟುವ ಕಣಜಗಳು ಕಂಬಳಿಹುಳುಗಳನ್ನು ಹೊತ್ತೊಯ್ಯುತ್ತವೆ. ಓಡಾಡುವ ದಾರಿಯಲ್ಲಿಲ್ಲದ ಗೂಡನ್ನು ಕೆಣಕಬೇಡಿ. ಕಚ್ಚಿದ ಮೇಲೆ ಮುಖ, ಗಂಟಲು ಊದಿದರೆ, ಉಸಿರಾಟ ಕಷ್ಟವಾದರೆ ಮನೆಮದ್ದು ಹಚ್ಚುತ್ತ ಕೂರದೆ 108ಕ್ಕೆ ಕರೆ ಮಾಡಿ.

ಲಕ್ಷಣ: ಕೋಸು, ಹೂಕೋಸಿನ ಎಲೆ ಜರಡಿ

ಎಲೆಯಡಿಯ ಸಣ್ಣ ಹಸಿರು ಹುಳುವನ್ನು ಮುಟ್ಟಿ ನೋಡಿ. ಹಿಂದಕ್ಕೆ ಮುಂದಕ್ಕೆ ಮೈ ಕೊಡವಿ, ನೂಲು ಹಿಡಿದು ಕೆಳಗೆ ಜೋತುಬಿದ್ದರೆ ವಜ್ರಬೆನ್ನಿನ ಪತಂಗದ ಹುಳು. ಇದಕ್ಕೆ ಚೆಂಡು ಹೂ ನೆಚ್ಚಬೇಡಿ, ಸಾಸಿವೆ ಬೇಕು. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ: ಒಂದು ಸಾಲು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾದ 25 ದಿನಕ್ಕೆ. ಹೆಚ್ಚಿನವರು ಎರಡನೇ ಬಿತ್ತನೆ ಮರೆಯುತ್ತಾರೆ. ಮೊದಲ ಸಾಸಿವೆ ಬಲಿತು ಒಣಗುವ ಹೊತ್ತಿಗೆ ಕೋಸು ಗಡ್ಡೆ ಕಟ್ಟುತ್ತಿರುತ್ತದೆ, ಬಲೆಯೂ ಇಲ್ಲ, ಹುಳುವೆಲ್ಲ ಅಲ್ಲಿಗೇ. ಸಾಸಿವೆಯಲ್ಲಿ ಹುಳು ತುಂಬಿದಾಗ ಗಿಡ ಸಮೇತ ಕಿತ್ತು ಸುಡಿ.

ಲಕ್ಷಣ: ಎಲೆ ಮುದುಡಿದೆ, ಹಳದಿ ಬಲೆ ಬಿದ್ದಿದೆ

ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮಡಚಿ ತೊಟ್ಟು ಉದ್ದವಾದರೆ ನುಸಿ. ಬಿಳಿ ಹಾಳೆಯ ಪರೀಕ್ಷೆ ಮತ್ತೆ ಮಾಡಿ. ಥ್ರಿಪ್ಸ್‌ಗೆ ನೀಲಿ ಅಂಟುಬಲೆ, ಬಿಳಿನೊಣಕ್ಕೆ ಹಳದಿ ಅಂಟುಬಲೆ ಕಟ್ಟಬಹುದು. ಅಂಟುಬಲೆಗೆ ನಮ್ಮ ಕಡೆಯ ಕೀಟಗಳೂ ಬೀಳುತ್ತವೆ. ಹೂವಿನಿಂದ ದೂರ ಕಟ್ಟಿ, ಕಾಟ ತಗ್ಗಿದ ಮೇಲೆ ತೆಗೆದಿಡಿ.

ಬೆಂಡೆಯ ಎಲೆಯಲ್ಲಿ ನರಗಳೆಲ್ಲ ಹಳದಿ ಬಲೆಯಂತಾದರೆ, ಟೊಮೆಟೊ ಎಲೆ ಬಟ್ಟಲಿನಂತೆ ಮೇಲಕ್ಕೆ ಮಡಚಿ ಗಿಡ ಗಿಡ್ಡವಾಗಿ ನಿಂತರೆ ಅದು ಬಿಳಿನೊಣ ಹರಡಿದ ನಂಜಾಣು (ವೈರಸ್) ರೋಗ. ಇಲ್ಲಿ ಹೂವಿಗಾಗಲಿ ಔಷಧಿಗಾಗಲಿ ಗಿಡವನ್ನು ಗುಣಪಡಿಸಲು ಆಗುವುದಿಲ್ಲ. ಒಂದೆರಡು ಗಿಡದಲ್ಲಿ ಕಂಡಾಗಲೇ ಕಿತ್ತು ಸುಟ್ಟರೆ ಉಳಿದವನ್ನು ಉಳಿಸಿಕೊಳ್ಳಬಹುದು. ಮುಂದಿನ ಬೆಳೆಗೆ ಮಡಿಯ ಸುತ್ತ ಜೋಳ ಅಥವಾ ಮುಸುಕಿನ ಜೋಳದ ಎರಡು ಸಾಲು ಗೋಡೆಯಂತೆ ಮೊದಲೇ ಎಬ್ಬಿಸಿ, ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿ.

ಲಕ್ಷಣ: ಗಿಡ ಹಸಿರಾಗಿದ್ದೇ ಬಾಡಿ ಮಲಗಿದೆ

ಇದಕ್ಕೂ ಮೇಲಿನ ಹುಳುವಿಗೂ ಹೆಚ್ಚಾಗಿ ಸಂಬಂಧವಿಲ್ಲ. ಬಾಡಿದ ಟೊಮೆಟೊ ಅಥವಾ ಬದನೆಯ ಬುಡದ ಕಾಂಡವನ್ನು ಮೂರಿಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಮಲೆನಾಡಿನ ಹುಳಿಮಣ್ಣಿನಲ್ಲಿ ಇದು ಮಾಮೂಲು. ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ಸುಡಿ, ಆ ಜಾಗಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಕೆಲವು ವರ್ಷ ಬೇಡ. ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ.

ನೀರು ತಿಳಿಯಾಗಿಯೇ ಉಳಿದರೆ ಬೇರು ನೋಡಿ. ಬೇರೇ ಊದಿ ಗಂಟುಗಂಟಾಗಿದ್ದರೆ ಜಂತುಹುಳು. ಬೀನ್ಸ್, ಅವರೆಯ ಬೇರಿನಲ್ಲಿ ಮಾತ್ರ ಅವಸರಪಡಬೇಡಿ: ಉಗುರಲ್ಲಿ ತಳ್ಳಿದರೆ ಕಳಚಿ ಬರುವ, ಒಳಗೆ ನಸುಗೆಂಪಾದ ಗುಳ್ಳೆ ಸಾರಜನಕ ಕೊಡುವ ಒಳ್ಳೆಯ ಗಂಟು. ಜಂತುಹುಳುವಿನ ಗಂಟು ಬೇರನ್ನು ಹರಿಯದೆ ಬರುವುದಿಲ್ಲ.

ಇಲ್ಲಿ ಚೆಂಡು ಹೂವಿಗೆ ನಿಜವಾದ ಶಕ್ತಿಯಿದೆ. ಅದರ ಜೀವಂತ ಬೇರಿನಲ್ಲಿರುವ ಆಲ್ಫಾ ಟರ್ಥೈನಿಲ್ ಎಂಬ ವಸ್ತು ಬೇರುಗಂಟಿನ ಜಂತುಹುಳುವನ್ನು ತಗ್ಗಿಸುತ್ತದೆ. ಆದರೆ ಟೊಮೆಟೊ ಪಕ್ಕ ಒಂದೊಂದು ಗಿಡ ನೆಟ್ಟರೆ ಆ ಬೇರಿನ ಸುತ್ತಷ್ಟೇ ಅದರ ಪ್ರಭಾವ. ಗಂಟು ಕಂಡ ಮಡಿಗೆ ಮುಂದಿನ ತರಕಾರಿಗೆ ಮುಂಚೆ ಪೂರ್ತಿ ಚೆಂಡು ಹೂವನ್ನೇ ಒತ್ತಾಗಿ ಬೆಳೆಸಿ, ಎರಡು ಮೂರು ತಿಂಗಳು ಬಿಟ್ಟು, ಕೊಚ್ಚಿ ಮಣ್ಣಿಗೆ ಸೇರಿಸಿ. ನಡುವೆ ಕಳೆ ಬೆಳೆಯಲು ಬಿಟ್ಟರೆ ಜಂತುಹುಳು ಕಳೆಯ ಬೇರಿನಲ್ಲಿ ಉಳಿದುಕೊಳ್ಳುತ್ತದೆ. ದಸರಾ, ದೀಪಾವಳಿಗೆ ಹೂ ಮಾರುವವರಿಗೆ ಇದರಿಂದ ನಷ್ಟವೂ ಇಲ್ಲ.

ಲಕ್ಷಣ: ಮಳೆಗಾಲದಲ್ಲಿ ಹೂವೇ ಕೊಳೆಯುತ್ತದೆ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಹೂವಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಮಕರಂದ ತೊಳೆದು ಹೋಗುತ್ತದೆ, ಕೀಟಗಳು ಹಾರುವುದಿಲ್ಲ, ತುಂಬುದಳದ ಹೂವು ನೀರು ಹಿಡಿದು ಕೊಳೆಯುತ್ತದೆ. ಆಗ ಥ್ರಿಪ್ಸ್, ನುಸಿಯ ಕಾಟವೂ ಕಡಿಮೆ. ಎಲೆ ತಿಂದು ಬೆಳ್ಳಿಯಂಥ ಲೋಳೆ ಗೆರೆ ಬಿಟ್ಟಿದ್ದರೆ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು, ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕುವುದೇ ನಂಬಿಕೆಯ ದಾರಿ. ಎಲೆಯಲ್ಲಿ ನೀರು ಹಿಡಿದಂಥ ಕಪ್ಪು ಮಚ್ಚೆ ಬೇಗ ಬೇಗ ಹರಡಿದರೆ ಅಂಗಮಾರಿ. ಹಾಸನದ ಆಲೂಗಡ್ಡೆ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು, ಟೊಮೆಟೊಕ್ಕೂ ಇದೇ ಬರುತ್ತದೆ. ಇದು ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ, ಹೂವಿನ ಕೈಯಲ್ಲಿಲ್ಲ. ಹೂವಿನ ಗಿಡ ಒತ್ತಾಗಿದ್ದರೆ ತೇವ ನಿಂತು ಇನ್ನಷ್ಟು ಜೋರಾಗುತ್ತದೆ. ಕೆಲವು ಗಿಡ ಕಿತ್ತು ಗಾಳಿಯಾಡಿಸಿ.

ಹೂವಿನಿಂದ ಆಗದಿದ್ದಾಗ

ಮೊದಲು ಬೇವು. ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ ಒಂದು ಲೀಟರ್ ನೀರಿಗೆ ಹಾಕಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ. ಎಲೆಯಡಿಗೆ ಬೀಳಬೇಕು, ಅರಳಿದ ಹೂವಿಗೆ ಬೀಳಬಾರದು. ಎರಡು ಎಲೆಗೆ ಹೊಡೆದು ಒಂದು ದಿನ ಕಾದು, ಸುಡದಿದ್ದರೆ ಮಾತ್ರ ಉಳಿದುದಕ್ಕೆ.

ಅರಕಲಗೂಡು, ರಾಮನಾಥಪುರ ಕಡೆ ತಂಬಾಕು ಸುಲಭವಾಗಿ ಸಿಗುತ್ತದೆ, ಅದರ ಕಷಾಯ ಹೊಡೆಯುವವರಿದ್ದಾರೆ. ಮನೆಯ ತರಕಾರಿಗೆ ಬೇಡ ಎಂದೇ ಹೇಳುತ್ತೇನೆ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತದೆ, ಗುಲಗಂಜಿ ಹುಳುವನ್ನೂ ಕೊಲ್ಲುತ್ತದೆ, ತಂಬಾಕಿನ ನಂಜಾಣು ಟೊಮೆಟೊ, ಮೆಣಸಿಗೂ ಅಂಟುತ್ತದೆ. ಹೂವಿಗೆಂದು ಕಣಗಿಲೆ, ಉಮ್ಮತ್ತಿಯನ್ನು ಸೊಪ್ಪಿನ ಮಡಿಯ ಪಕ್ಕ ಬೆಳೆಸಬೇಡಿ. ಮಕ್ಕಳಿಗೂ ದನಕರುವಿಗೂ ಅವು ವಿಷ. ಹೊಲಕ್ಕೆ ತಂದು ಮಿಕ್ಕ ಔಷಧಿಯನ್ನು ಹಿತ್ತಲಿಗೆ ಹೊಡೆಯುವುದು ಬಲು ಅಪಾಯ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದನ್ನು ಸರ್ಕಾರವೇ ನಿಷೇಧಿಸಿದೆ. ಯಾವುದೇ ಔಷಧಿ ಮೈಮೇಲೆ ಚೆಲ್ಲಿ ತಲೆಸುತ್ತು, ವಾಂತಿ, ಅತಿಯಾದ ಜೊಲ್ಲು, ಕಣ್ಣು ಮಂಜು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆದು, ಬಾಟಲಿಯ ಚೀಟಿ ಸಮೇತ ಆಸ್ಪತ್ರೆಗೆ ಹೋಗಿ. ನುಂಗಿದವರಿಗೆ ಮನೆಯಲ್ಲಿ ವಾಂತಿ ಮಾಡಿಸಬೇಡಿ.

ಯಾವಾಗ ನಿಲ್ಲಿಸಿ ಕೇಳಬೇಕು

ಒಂದೇ ವಾರದಲ್ಲಿ ಮಡಿಯ ಮೂರರಲ್ಲೊಂದು ಪಾಲು ಗಿಡ ಸೊರಗಿದರೆ, ಲೋಟದ ನೀರೂ ಬೇರೂ ಏನನ್ನೂ ಹೇಳದಿದ್ದರೆ, ನಂಜಾಣು ಗಿಡಗಳನ್ನು ಕಿತ್ತ ಮೇಲೂ ಹರಡುತ್ತಿದ್ದರೆ ಮನೆಯಲ್ಲೇ ಪ್ರಯೋಗ ಮಾಡುತ್ತ ಕೂರಬೇಡಿ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಪೂರ್ತಿ ಸತ್ತ ಗಿಡ ಒಯ್ಯಬೇಡಿ, ಈಗಷ್ಟೇ ರೋಗ ಶುರುವಾದುದನ್ನು ಬೇರು, ಬುಡದ ಮಣ್ಣು ಸಮೇತ ಒಯ್ಯಿರಿ. ಬೇರನ್ನು ಬೇರೆ ಕವರಿನಲ್ಲಿ ಕಟ್ಟಿ, ಎಲೆಯನ್ನು ಒಣ ಪತ್ರಿಕೆಯಲ್ಲಿ ಸುತ್ತಿ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ದಾರಿಯಲ್ಲೇ ಕೊಳೆಯುತ್ತದೆ. ಹುಳುವಿದ್ದರೆ ತೂತು ಮಾಡಿದ ಡಬ್ಬಿಯಲ್ಲಿ ಅದು ತಿನ್ನುತ್ತಿದ್ದ ಎಲೆಯ ಜೊತೆ ಹಾಕಿ. ಯಾವ ತರಕಾರಿ, ಯಾವ ತಳಿ, ಎಂದು ನಾಟಿ, ಪಕ್ಕದಲ್ಲಿ ಯಾವ ಹೂವು, ಕಳೆದ ತಿಂಗಳಲ್ಲಿ ಏನೇನು ಹಾಕಿದ್ದೀರಿ, ಏನು ಹೊಡೆದಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.